ಮದರ್‌ಬೋರ್ಡ್ ಯಾವ ಕಂಪನಿದು ಅಂತ ಹುಡುಕುವ ಮೊದಲು

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಆಗಿನಿಂದ ಚಿಕ್ಕಮಗಳೂರಿನ ನಮ್ಮ ಸರ್ವಿಸ್ ಅಂಗಡಿಗೆ ಕೆಡದೇ ಇರುವ ಲ್ಯಾಪ್‌ಟಾಪ್‌ಗಳೂ ಬರುತ್ತಿವೆ. ಚೆನ್ನಾಗಿಯೇ ಓಡುತ್ತಿರುತ್ತವೆ. ಗಾಬರಿ ಇರುವುದು ತಂದವರಿಗೆ. ಅಪ್‌ಡೇಟ್ ನಿಂತುಹೋಗುತ್ತಂತೆ, ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನ ಚಿಪ್ಪಿನಲ್ಲಿರುವ ಪ್ರೋಗ್ರಾಂ) ಹೊಸದಾಗಿ ಹಾಕಿಸಬೇಕಂತೆ, ಅದಕ್ಕೆ ಮದರ್‌ಬೋರ್ಡ್ ಯಾವ ಕಂಪನಿದು ಅಂತ ಗೊತ್ತಾಗಬೇಕಂತೆ. ಇದರಲ್ಲಿ ಕೊನೆಯ ಮಾತೇ ಜಾಸ್ತಿ ದಾರಿ ತಪ್ಪಿಸುವುದು.

ಅದು ಅಸೆಂಬಲ್ಡ್ ಕಂಪ್ಯೂಟರಿನ ಕಾಲದಿಂದ ಬಂದ ಮಾತು. ಅಲ್ಲಿ ಬೋರ್ಡನ್ನು ಬೇರೆಯಾಗಿಯೇ ಕೊಳ್ಳುತ್ತೇವೆ. ಗಿಗಾಬೈಟ್, ಎಂಎಸ್‌ಐ ಅಂತ ಬೋರ್ಡಿನ ಮೇಲೇ ದಪ್ಪಗೆ ಬರೆದಿರುತ್ತದೆ, ಬಯಾಸ್ ಕೊಡುವವರೂ ಅವರೇ. ಲ್ಯಾಪ್‌ಟಾಪ್ ಹಾಗಲ್ಲ. ಮುಚ್ಚಳದ ಮೇಲೆ ಡೆಲ್, ಎಚ್‌ಪಿ, ಏಸರ್ ಅಂತ ಇದ್ದರೂ ಒಳಗಿನ ಬೋರ್ಡ್ ತಯಾರಿಸುವವರು ಹೆಚ್ಚಾಗಿ ತೈವಾನಿನವರು: ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್. ವಿಸ್ಟ್ರಾನ್ ಹೆಸರು ನಮ್ಮವರಿಗೆ ಹೊಸದೇನಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದವರು ಅವರೇ. 2023ರಲ್ಲಿ ಆ ಫ್ಯಾಕ್ಟರಿ ಟಾಟಾದವರ ಕೈಗೆ ಹೋಯಿತು. ಲ್ಯಾಪ್‌ಟಾಪ್ ಕೊಂಡವರಿಗೆ ಬಯಾಸ್ ಕೊಡುವ ಕೆಲಸ ಈ ಬೋರ್ಡ್ ತಯಾರಕರದ್ದಲ್ಲ. ಮುಚ್ಚಳದ ಮೇಲೆ ಯಾರ ಹೆಸರಿದೆಯೋ ಅವರೇ ಕೊಡಬೇಕು, ಅದೂ ಆ ಮಾಡೆಲ್‌ಗೆ ಅಂತಲೇ ಮಾಡಿದ್ದನ್ನು.

ಆಲ್ದೂರು ಕಡೆಯ ಒಂದು ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ತಮ್ಮ ಏಸರ್ ಲ್ಯಾಪ್‌ಟಾಪ್ ತಂದಿದ್ದರು. ಚೆಕ್‌ರೋಲ್ ಅಂದರೆ ಕೆಲಸದವರ ಹಾಜರಿ ಪಟ್ಟಿ, ವಾರದ ಬಟವಾಡೆ ಎಲ್ಲ ಅದರಲ್ಲೇ. ವಿಂಡೋಸ್ 11 ಹಾಕಲು ಹೋದರೆ ‘ಈ ಕಂಪ್ಯೂಟರಿಗೆ ಆಗಲ್ಲ’ ಅಂತ ತೋರಿಸುತ್ತಿತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ, ‘ಮಾವ, ಬೋರ್ಡ್ ಕಂಪನಿ ಯಾವ್ದು ನೋಡಿ, ಅವರ ಬಯಾಸ್ ಹಾಕಿಸ್ಬಿಡಿ’ ಅಂದಿದ್ದ. ಇವರು ಶಿಸ್ತಿನ ಮನುಷ್ಯ. ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಷನ್ ಪುಟ ತೆಗೆದು, ಬೇಸ್‌ಬೋರ್ಡ್ (ಅಂದರೆ ಮದರ್‌ಬೋರ್ಡ್) ತಯಾರಕ ಅನ್ನುವ ಸಾಲನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು: ಕೆಬಿಎಲ್. ‘ಈ ಕೆಬಿಎಲ್ ಕಂಪನಿಯವರು ಎಲ್ಲೂ ಸಿಗ್ತಿಲ್ಲ ಸಾರ್. ಮುಚ್ಚಿಹೋಯ್ತೋ ಏನೋ.’

ಮುಚ್ಚಿಹೋಗಲು ಅಂಥ ಕಂಪನಿ ಇದ್ದರೆ ತಾನೇ! ಕೆಬಿಎಲ್ ಅಂದರೆ ಕೇಬಿ ಲೇಕ್, ಇಂಟೆಲ್ ಪ್ರೊಸೆಸರಿನ ಒಂದು ತಲೆಮಾರಿನ ಹೆಸರು. ಏಸರ್‌ನ ಕೆಲವು ಮಾಡೆಲ್‌ಗಳಲ್ಲಿ ತಯಾರಕರ ಜಾಗದಲ್ಲಿ ಅದನ್ನೇ ತುಂಬಿಸಿರುತ್ತಾರೆ. ಬೋರ್ಡ್ ಹೆಸರಿನ ಜಾಗದಲ್ಲಿ ‘ಐರನ್‌ಮ್ಯಾನ್’, ‘ಚಾರ್‌ಮ್ಯಾಂಡರ್’ ಅಂತೆಲ್ಲ ಕಾಣಿಸುತ್ತದೆ. ಹುಡುಗರು ಇಟ್ಟ ಹೆಸರು ಅಲ್ವಾ ಅನ್ನಿಸುತ್ತದೆ. ಡೆಲ್, ಎಚ್‌ಪಿಗಳಲ್ಲಾದರೆ ಆ ಸಾಲಿನಲ್ಲಿ ಸಾಮಾನ್ಯವಾಗಿ ಅವರದೇ ಹೆಸರು. ಅಂದರೆ ಪರದೆಯ ಮೇಲಿನ ಆ ಸಾಲು ನಿಜವಾದ ತಯಾರಕರನ್ನು ಹೇಳುವುದೇ ಅಪರೂಪ. ಫ್ಯಾಕ್ಟರಿಯಲ್ಲಿ ಬಯಾಸ್ ಚಿಪ್ಪಿಗೆ ಏನು ತುಂಬಿದ್ದಾರೋ ಅದನ್ನು ವಿಂಡೋಸ್ ಓದಿ ಹೇಳುತ್ತದೆ, ಅಷ್ಟೆ.

ತಮಾಷೆ ಅಂದರೆ ರೈಟರ್ ಹುಡುಕುತ್ತಿದ್ದ ಉತ್ತರ ಅದೇ ಪುಟದಲ್ಲಿತ್ತು, ನಾಲ್ಕಾರು ಸಾಲು ಆಚೀಚೆ. ಬಯಾಸ್ ಮೋಡ್: ಲೆಗಸಿ. ಪ್ರೊಸೆಸರ್ ಐ5-8250ಯು, ವಿಂಡೋಸ್ 11ರ ಪಟ್ಟಿಯಲ್ಲಿ ಇರುವಂಥದ್ದೇ. ವಿಂಡೋಸ್ 11 ಕೇಳುವ ಭದ್ರತಾ ಸಾಧನ ಟಿಪಿಎಂ 2.0 ಕೂಡ ಆನ್ ಇತ್ತು. ಹಿಂದೆ ಯಾರೋ ವಿಂಡೋಸ್ ಹಾಕುವಾಗ ಹಳೇ ಲೆಗಸಿ ಪದ್ಧತಿಯಲ್ಲಿ ಹಾಕಿದ್ದರು. ಹಾಗಾಗಿ ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಬಹುದಾದ ಸಾಫ್ಟ್‌ವೇರನ್ನು ಮಾತ್ರ ಓಡಲು ಬಿಡುವ ಕಾವಲು) ಕೆಲಸ ಮಾಡುತ್ತಿರಲಿಲ್ಲ, ವಿಂಡೋಸ್ 11 ಒಪ್ಪುತ್ತಿರಲಿಲ್ಲ. ಮೊದಲು ಚೆಕ್‌ರೋಲ್ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿದೆವು. ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಅನ್ನುವ ಸಾಧನದಿಂದ ಅದೇ ಡಿಸ್ಕಿನ ವಿಭಜನೆ ಪದ್ಧತಿಯನ್ನು ಹಳೇ ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸಿ, ಬಯಾಸ್‌ನಲ್ಲಿ ಲೆಗಸಿ ಬದಲು ಹೊಸ ಪದ್ಧತಿಯಾದ ಯುಇಎಫ್‌ಐ ಆರಿಸಿ, ಸೆಕ್ಯೂರ್ ಬೂಟ್ ಆನ್ ಮಾಡಿದೆವು. ಏಸರ್‌ನಲ್ಲಿ ಆ ಆಯ್ಕೆ ಮಂಕಾಗಿ ಕಂಡರೆ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಬೇಕು, ಆಮೇಲೇ ತೆರೆದುಕೊಳ್ಳುವುದು. ಬಯಾಸ್ ಅಪ್‌ಡೇಟೂ ಬೇಕಾಗಲಿಲ್ಲ, ಬೋರ್ಡ್ ತಯಾರಕರ ಹೆಸರೂ ಬೇಕಾಗಲಿಲ್ಲ.

ಹಾಗಾದರೆ ಅದು ಯಾವಾಗ ಬೇಕು? ಬೋರ್ಡೇ ಸತ್ತಾಗ. ನಮ್ಮ ಮಲೆನಾಡಿನಲ್ಲಿ ಅದೇನು ಕಮ್ಮಿಯೇ? ಮಳೆಗಾಲದ ಶೀತ, ಸಿಡಿಲು, ಮೇಲೆ ಕೆಳಗೆ ಆಡುವ ವೋಲ್ಟೇಜ್. ಸರ್ಕ್ಯೂಟ್ ನಕ್ಷೆ ತೆಗೆಯಲು, ಬದಲಿ ಬೋರ್ಡ್ ತರಿಸಲು ಬೋರ್ಡಿನ ಮೇಲೆ ಅಚ್ಚಾದ ನಂಬರ್ ಬೇಕೇ ಬೇಕು. ಅದಕ್ಕೆ ಹಿಂಬದಿ ಕವರ್ ಬಿಚ್ಚಬೇಕು. ‘ಎಲ್‌ಎ’ ಅಂತ ಶುರುವಾಗಿ ಕೊನೆಗೆ ‘ಪಿ’ ಇದ್ದರೆ ಕಂಪಾಲ್. ‘ಡಿಎ0’ ಇದ್ದರೆ ಕ್ವಾಂಟಾ. ‘6050ಎ’ ಇದ್ದರೆ ಇನ್ವೆಂಟೆಕ್. ಎಷ್ಟೋ ಸಲ ರ‍್ಯಾಮ್ ಕೆಳಗೆ ಅಡಗಿರುತ್ತದೆ, ರ‍್ಯಾಮ್ ತೆಗೆದು ಟಾರ್ಚ್ ಬಿಡಬೇಕು.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರೆಲ್ಲ ಮೊದಲು ಬರೆದುಕೊಂಡು ಬರುವ ನಂಬರ್ ಒಂದಿದೆ: 94ವಿ-0. ಬಿಳಿ ಅಕ್ಷರದಲ್ಲಿ ಎದ್ದು ಕಾಣುತ್ತದೆ, ಪಾಪ. ಅದು ಮಾಡೆಲ್ ಅಲ್ಲ. ಬೋರ್ಡಿಗೆ ಬೆಂಕಿ ತಗುಲಿದರೆ ಬೇಗ ಆರುತ್ತದೆ ಅನ್ನುವುದಕ್ಕೆ ಕೊಡುವ, ಯುಎಲ್ ಅನ್ನುವ ಸುರಕ್ಷತಾ ಪರೀಕ್ಷೆಯ ಸಂಸ್ಥೆಯ ಗುರುತು. ಟಿವಿ, ಚಾರ್ಜರ್ ಬಿಚ್ಚಿದರೂ ಅದೇ ಸಿಗುತ್ತದೆ. ಪಕ್ಕದಲ್ಲಿ ‘ಇ’ ಅಕ್ಷರದ ಮುಂದೆ ಒಂದಷ್ಟು ಅಂಕಿ ಇದ್ದರೆ ಅದು ಬರೀ ಹಲಗೆ ಮಾಡಿಕೊಟ್ಟವರ ಯುಎಲ್ ಫೈಲ್ ನಂಬರ್. ಅದರಿಂದಲೂ ನಕ್ಷೆ ಸಿಗುವುದಿಲ್ಲ.

ಇನ್ನೊಂದು ಅಪಾಯ ಇಲ್ಲೇ ಇದೆ. ಬೋರ್ಡ್ ನಂಬರ್ ಸಿಕ್ಕಿತು ಅಂತ, ಅದೇ ನಂಬರಿನ ಬೇರೆ ಯಾರದೋ ಬಯಾಸ್ ಫೈಲನ್ನು ಪ್ರೋಗ್ರಾಮರ್ ಅನ್ನುವ ಸಾಧನದಲ್ಲಿ ಚಿಪ್ಪಿಗೆ ಬರೆಯುವುದು. ಲ್ಯಾಪ್‌ಟಾಪ್ ಆನ್ ಆಗಬಹುದು. ಆದರೆ ಸೀರಿಯಲ್ ನಂಬರ್, ಒಳಗಿದ್ದ ವಿಂಡೋಸ್ ಕೀ ಎಲ್ಲ ಆ ಬೇರೆ ಲ್ಯಾಪ್‌ಟಾಪಿನದ್ದಾಗಿಬಿಡುತ್ತದೆ. ನಮ್ಮಲ್ಲಿ ಮೊದಲು ಇರುವುದನ್ನೇ ಎರಡು ಸಲ ಓದಿ, ಎರಡೂ ಒಂದೇ ಇದೆಯಾ ನೋಡಿ, ಇಟ್ಟುಕೊಂಡ ಮೇಲೇ ಬರೆಯುವುದು. ಚಿಪ್ 1.8 ವೋಲ್ಟಿನದ್ದಾ ಅಂತಲೂ ನೋಡಬೇಕು. 3.3 ಕೊಟ್ಟರೆ ಚಿಪ್ ಹೋಗಬಹುದು.

ನಿಜವಾಗಿಯೂ ಬಯಾಸ್ ಅಪ್‌ಡೇಟ್ ಬೇಕಾಗುವವರೂ ಇದ್ದಾರೆ. 2011ರ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುವ ಲೆಕ್ಕ. ಹೊಸದು ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್‌ನಲ್ಲೇ ಬರುತ್ತದೆ, ಕೆಲವಕ್ಕೆ ಮಾತ್ರ ಬ್ರ್ಯಾಂಡಿನವರ ಬಯಾಸ್ ಬೇಕು. ಆ ದಿನಕ್ಕೆ ಲ್ಯಾಪ್‌ಟಾಪ್ ನಿಂತುಹೋಗುತ್ತದೆ ಅನ್ನುವುದು ಸುಮ್ನೆ ಸುದ್ದಿ. ಬೂಟ್ ಆಗುತ್ತದೆ. ಬೂಟ್‌ಗೆ ಸಂಬಂಧಿಸಿದ ಹೊಸ ಸುರಕ್ಷತೆ ಸಿಗುವುದಿಲ್ಲ, ಅಷ್ಟೆ.

ಮನೆಯಲ್ಲೇ ಹಾಕುವುದಾದರೆ ಮಳೆ ಸುರಿಯುವ ಸಂಜೆ ಬೇಡ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಚಾರ್ಜರ್ ಒಂದನ್ನೇ ನಂಬಿ ಬಯಾಸ್‌ಗೆ ಕೂರಿಸಬೇಡಿ. ಮಧ್ಯೆ ಕರೆಂಟ್ ಹೋದರೆ ನೇರ ನಮ್ಮ ಮೇಜಿಗೇ ಬರುತ್ತದೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದೆಯಾ ನೋಡಿ, ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಆ ಅಕೌಂಟ್ ಯಾವ ಇಮೇಲಿನದ್ದು ಅಂತ ಕೇಳಿದರೆ ಬಹಳ ಜನ ಮಗಳಿಗೆ ಫೋನ್ ಹಚ್ಚುತ್ತಾರೆ.

ಅಂಗಡಿಗೇ ತರುವುದಾದರೆ ಕೆಳಗಿನ ಸ್ಟಿಕ್ಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರಿನ ಫೋಟೊ, ಈಗಿರುವ ಬಯಾಸ್ ವರ್ಷನ್, ಆ ಇಮೇಲ್ ಮತ್ತು ಚಾರ್ಜರ್ ತನ್ನಿ. ಬೋರ್ಡ್ ಯಾರದ್ದು ಅಂತ ಬೇಕಾದರೆ ನಾವೇ ಬಿಚ್ಚಿ ನೋಡುತ್ತೇವೆ.