14 ಆಪ್ಷನ್ ಸಾಕು ಎಂದದ್ದು

ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಹಂಚುವ ಮೊದಲ ಸುತ್ತಿನ ಫಲಿತಾಂಶ ಬಂದ ಸಂಜೆ ನಮ್ಮ ಹೆಲ್ಪ್‌ಡೆಸ್ಕ್ ಮುಂದೆ ಆರು ಜನ ಸಾಲಿನಲ್ಲಿದ್ದರು. ಮೂರನೆಯ ಹುಡುಗನ ಸಿಇಟಿ ನಂಬರ್ ಹಾಕಿ ಒತ್ತಿದರೆ ಸೀಟು ಹಂಚಿಕೆಯಾಗಿಲ್ಲ ಎಂದು ಬಂತು. ನಂಬರ್ ತಪ್ಪಿರಬೇಕೆಂದು ಮತ್ತೆ ಹಾಕಿದೆ. ಬಂದದ್ದು ಅದೇ. ಹಿಂದೆ ನಿಂತಿದ್ದ ಅವನ ಅಪ್ಪ, "ಮಾಕ್‌ನಲ್ಲಿ ಬಂದಿತ್ತಲ್ಲ ಮೇಡಂ?" ಎಂದರು. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಆ ಅಣಕು ಹಂಚಿಕೆಯಲ್ಲಿ ಬಂದಿತ್ತು, ಅವನು ಪಟ್ಟಿ ಮಾಡಿದ ಕಾಲೇಜು-ಬ್ರಾಂಚುಗಳಲ್ಲಿ ಹನ್ನೊಂದನೆಯದು, ಅಂದರೆ 11ನೇ ಆಪ್ಷನ್. ಆ ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬಿಡಿಸಿ ಮೇಜಿನ ಮೇಲೆ ಇಟ್ಟರು. ಕೆಳಗೆ ನನ್ನದೇ ಕೈಬರಹ: ‘ಓಕೆ, ಬದಲಾವಣೆ ಬೇಡ.’

ಹುಡುಗನ ರ‍್ಯಾಂಕ್ 38 ಸಾವಿರದ ಆಸುಪಾಸು. ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ 3ಎ, ಜೊತೆಗೆ ಗ್ರಾಮೀಣ ಮೀಸಲಾತಿ. ಹಾಕಿದ್ದು 14 ಆಪ್ಷನ್, ಎಲ್ಲವೂ ಬೆಂಗಳೂರು, ಎಲ್ಲವೂ ಸಿಎಸ್ (ಕಂಪ್ಯೂಟರ್ ಸೈನ್ಸ್). ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲಿ, ಅಂದರೆ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತು ಎಂಬ ಪಟ್ಟಿಯಲ್ಲಿ, ಅವುಗಳ ಪೈಕಿ ಆರು ಕಾಲೇಜು 38 ಸಾವಿರ ದಾಟಿ ನಿಂತಿದ್ದವು, ಕೊನೆಯದು 41 ಸಾವಿರದವರೆಗೆ ಹೋಗಿತ್ತು. ಆರರಲ್ಲಿ ಒಂದಾದರೂ ಸಿಗದೇ ಇರುತ್ತದೆಯೇ ಎಂದು ನಾನು ಲೆಕ್ಕ ಹಾಕಿದ್ದೆ.

ತಪ್ಪಿದ್ದು ಅಲ್ಲೇ. ಒಂದೇ ಊರಿನ ಒಂದೇ ಬ್ರಾಂಚಿನ ಕಟಾಫ್‌ಗಳು ಬೇರೆಬೇರೆಯಾಗಿ ಓಡಾಡುವುದಿಲ್ಲ. ಬೆಂಗಳೂರಿನ ಸಿಎಸ್‌ಗೆ ಒಂದು ವರ್ಷ ನೂಕುನುಗ್ಗಲಾದರೆ, ಮೇಲಿನ ಕಾಲೇಜು ಸಿಗದವರು ಕೆಳಗಿನದಕ್ಕೆ ಇಳಿಯುತ್ತಾರೆ, ಅಲ್ಲಿಯೂ ಸಿಗದವರು ಅದರ ಕೆಳಗಿನದಕ್ಕೆ. ಮೊದಲನೆಯದು ಕೈತಪ್ಪಿದ ಕಾರಣಕ್ಕೇ ಹದಿನಾಲ್ಕನೆಯದೂ ಕೈತಪ್ಪುತ್ತದೆ. ಆ ವರ್ಷ ಅವನ ಪಟ್ಟಿಯ ಕೊನೆಯ ಕಾಲೇಜು ಕೂಡ 35 ಸಾವಿರದ ಒಳಗೇ ತುಂಬಿಹೋಯಿತು. ಕಾಗದದ ಮೇಲೆ 14 ಸಾಲಿದ್ದರೂ ಅವನಿಗಿದ್ದದ್ದು ಒಂದೇ ಅವಕಾಶ.

ಮಾಕ್ ಮೇಲೆ ಇಟ್ಟ ಭರವಸೆ ಎರಡನೆಯ ತಪ್ಪು. ಮಾಕ್ ಹಂಚಿಕೆ ಅಂದರೆ ಆ ಹೊತ್ತಿಗೆ ಯಾರು ಏನು ಹಾಕಿದ್ದರೋ ಅದರ ಚಿತ್ರ, ಅಷ್ಟೆ. ನಂತರ ಆಪ್ಷನ್ ಬದಲಿಸಲು ಎಲ್ಲರಿಗೂ ಅವಕಾಶ ಇರುತ್ತದೆ. ನಮಗಿಂತ ಒಳ್ಳೆಯ ರ‍್ಯಾಂಕಿನವರು ಮಾಕ್ ನೋಡಿ ಗಾಬರಿಯಾಗಿ ಪಟ್ಟಿ ಉದ್ದ ಮಾಡುತ್ತಾರೆ, ಅಲ್ಲಿಯತನಕ ನಾಲ್ಕೇ ನಾಲ್ಕು ಹಾಕಿ ಕೂತಿದ್ದವರು ನಲವತ್ತು ಹಾಕುತ್ತಾರೆ. ಮಾಕ್‌ನಲ್ಲಿ ಪಟ್ಟಿಯ ತುದಿಯಲ್ಲಿ ಸೀಟು ಬಂದರೆ ಅದು ಎಚ್ಚರಿಕೆ. 14ರಲ್ಲಿ 11 ಬಂದಾಗಲೇ ಪಟ್ಟಿಯನ್ನು ಕೆಳಕ್ಕೆ ಬೆಳೆಸಬೇಕಿತ್ತು. ಅದರ ಬದಲು ನಾನು ಅಂದು ನೆಮ್ಮದಿಯ ಉಸಿರು ಬಿಟ್ಟು ಮುಂದಿನವರನ್ನು ಕರೆದೆ.

ಆಡಳಿತದವರು ಆಗ ಒಬ್ಬ ವಿದ್ಯಾರ್ಥಿಗೆ ಹತ್ತು ನಿಮಿಷ ಎಂದು ನಿಗದಿ ಮಾಡಿದ್ದರು. ದಿನಕ್ಕೆ ಎಷ್ಟು ಜನ ಮುಗಿದರು ಎಂಬ ಲೆಕ್ಕ ಸಂಜೆ ಹೋಗಬೇಕು. ಹತ್ತು ನಿಮಿಷದಲ್ಲಿ ಚಿಕ್ಕ ಪಟ್ಟಿ ಮಾತ್ರ ಆಗುತ್ತದೆ, ಉದ್ದದ ಪಟ್ಟಿಗೆ ಮಾತುಕತೆ ಬೇಕು. ‘ಹಾಸನಕ್ಕೆ ಕಳಿಸುತ್ತೀರಾ?’, ‘ಸಿಎಸ್ ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಓದುತ್ತೀಯಾ?’ ಎಂದು ಕೇಳಿದರೆ ಅಪ್ಪ ಮಗ ಅಲ್ಲೇ ವಾದಕ್ಕೆ ಕೂರುತ್ತಾರೆ. ಅದು ಅಲ್ಲೇ ಆಗಬೇಕು. ಮನೆಗೆ ಹೋದಮೇಲೆ ಆದರೆ ಉಪಯೋಗವಿಲ್ಲ.

ಹಾಗಾದರೆ ಎಷ್ಟು ಹಾಕಬೇಕು? ಆಪ್ಷನ್ ಹೆಚ್ಚಾದರೆ ಹೆಚ್ಚು ಶುಲ್ಕವಿಲ್ಲ, ಆದ್ದರಿಂದ ಪಟ್ಟಿ ಉದ್ದವಾದರೆ ನಷ್ಟವೇನೂ ಇಲ್ಲ. ನಮ್ಮ ಡೆಸ್ಕ್‌ನಲ್ಲಿ ಈಗ 30 ಸಾವಿರದಿಂದ 60 ಸಾವಿರದೊಳಗಿನ ರ‍್ಯಾಂಕಿಗೆ 50ಕ್ಕಿಂತ ಕಮ್ಮಿ ಇದ್ದರೆ ಪಟ್ಟಿ ಮುಗಿಸುವುದಿಲ್ಲ. ಮೊದಲ ಹತ್ತು ಹನ್ನೆರಡು ಅವರ ಆಸೆಯವು, ಕಟಾಫ್ ಎಷ್ಟೇ ಬಿಗಿ ಇರಲಿ. ನಡುವಿನ ಇಪ್ಪತ್ತೈದು ಮೂವತ್ತು ಅವರ ರ‍್ಯಾಂಕಿನ ಅಕ್ಕಪಕ್ಕ ನಿಂತವು. ಕೊನೆಯ ಹದಿನೈದು, ಹಿಂದಿನ ವರ್ಷ ಅವರ ರ‍್ಯಾಂಕಿನ ಒಂದೂವರೆ ಪಟ್ಟು ದಾಟಿ ಹೋದವು. 38 ಸಾವಿರಕ್ಕೆ ಅಂದರೆ 57 ಸಾವಿರದ ಆಚೆಗಿನವು. ಈ ಕೊನೆಯ ಹದಿನೈದರಲ್ಲಿ ಕನಿಷ್ಠ ಎರಡು ಊರು, ಎರಡು ಬ್ರಾಂಚ್ ಇರಲೇಬೇಕು. ಸಿಎಸ್, ಐಎಸ್ (ಇನ್ಫರ್ಮೇಶನ್ ಸೈನ್ಸ್), ಎಐ (ಕೃತಕ ಬುದ್ಧಿಮತ್ತೆ) ಮೂರನ್ನೂ ಹಾಕಿ ಮೂರು ಬ್ರಾಂಚ್ ಆಯಿತು ಅನ್ನುವವರಿದ್ದಾರೆ. ಅವು ಒಟ್ಟಿಗೇ ಏರಿಳಿಯುತ್ತವೆ, ನಾವು ಒಂದೇ ಎಂದು ಎಣಿಸುತ್ತೇವೆ. 2 ಸಾವಿರದೊಳಗಿನ ರ‍್ಯಾಂಕಿನವರಿಗೆ 15 ಸಾಕು. ಅವರ ಪ್ರಶ್ನೆ ಸಿಗುತ್ತದೋ ಇಲ್ಲವೋ ಎಂಬುದಲ್ಲ, ಯಾವುದು ಮೊದಲು ಎಂಬುದು.

ಕ್ರಮದ ವಿಷಯದಲ್ಲಿ ಒಂದು ಭಯ ಎಷ್ಟು ಹೇಳಿದರೂ ಹೋಗುವುದಿಲ್ಲ. ದೊಡ್ಡ ಕಾಲೇಜನ್ನು ಮೊದಲು ಹಾಕಿದರೆ ಕೆಳಗಿನದು ಬೇರೆಯವರ ಪಾಲಾಗುತ್ತದೆ ಎಂಬ ಭಯ. ಆಗುವುದಿಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ 1ನೇ ಆಪ್ಷನ್‌ನಿಂದ ಒಂದೊಂದಾಗಿ ಕೆಳಗೆ ನೋಡುತ್ತಾ ಬರುತ್ತದೆ, ಮೊದಲು ಖಾಲಿ ಕಂಡದ್ದನ್ನು ಕೊಡುತ್ತದೆ. ಮೇಲಿನ ಹತ್ತು ತುಂಬಿದ್ದರೆ 11ಕ್ಕೆ ಬರುತ್ತದೆ. ನಿಮ್ಮ ಹಿಂದಿನ ರ‍್ಯಾಂಕಿನವರು ಅದನ್ನು 1ನೇ ಆಪ್ಷನ್ ಮಾಡಿಕೊಂಡಿದ್ದರೂ ನಿಮ್ಮನ್ನು ದಾಟಿ ಅವರಿಗೆ ಹೋಗುವುದಿಲ್ಲ. ಆದ್ದರಿಂದ ಸಿಗುವ ಸಾಧ್ಯತೆ ನೋಡಿ ಜೋಡಿಸಬೇಡಿ, ಬೇಕಾದ ಕ್ರಮದಲ್ಲಿ ಜೋಡಿಸಿ. ಅಪಾಯ ಇರುವುದು ಇನ್ನೊಂದು ಕಡೆ: ಸೇರಲು ಇಷ್ಟವಿಲ್ಲದ, ಫೀ ಕಟ್ಟಲಾಗದ ಕಾಲೇಜನ್ನು ಸಂಖ್ಯೆ ತುಂಬಿಸಲು ನಡುವೆ ಹಾಕಿದರೆ ಅದೇ ಬಂದು ಕೂರುತ್ತದೆ. ಮೊದಲ ಸುತ್ತಿನಲ್ಲಿ ಸೀಟು ಬಂದಮೇಲೆ ಅದಕ್ಕಿಂತ ಕೆಳಗಿನ ಆಪ್ಷನ್‌ಗಳು ನಿಮ್ಮ ಪಾಲಿಗೆ ಮುಗಿದಂತೆ. ಸಿಕ್ಕ ಸೀಟು ಉಳಿಸಿಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವ ‘ಛಾಯ್ಸ್ 2’ ಒತ್ತಿದರೂ ಮುಂದಿನ ಸುತ್ತಿಗೆ ಮೇಲಿನವು ಮಾತ್ರ ಉಳಿಯುತ್ತವೆ.

ಆ ಹುಡುಗನಿಗೆ ಛಾಯ್ಸ್‌ನ ಪ್ರಶ್ನೆಯೇ ಬರಲಿಲ್ಲ. ಎರಡನೇ ಸುತ್ತಿಗೆ ಆ ವರ್ಷ ಹೊಸ ಆಪ್ಷನ್ ಸೇರಿಸುವ ಹಾಗಿರಲಿಲ್ಲ, ಇದ್ದುದನ್ನು ಅಳಿಸಬಹುದು, ಮೇಲೆ ಕೆಳಗೆ ಮಾಡಬಹುದು. ಅದೇ 14 ಇಟ್ಟುಕೊಂಡು ಕಾದರು, ಸಿಗಲಿಲ್ಲ. ಅವನ ಹಿಂದಿನ ಬೆಂಚಿನ ಹುಡುಗಿ, ರ‍್ಯಾಂಕ್ 44 ಸಾವಿರ, ಅವಳೂ 3ಎ ಗ್ರಾಮೀಣ. ತುಮಕೂರು, ಹಾಸನ, ಮೈಸೂರು ಎಲ್ಲ ಸೇರಿಸಿ 63 ಹಾಕಿದ್ದಳು. ಮೊದಲ ಸುತ್ತಿನಲ್ಲೇ ಐಎಸ್ ಸಿಕ್ಕಿತು. ಇವನು ಕೊನೆಗೆ ಮ್ಯಾನೇಜ್‌ಮೆಂಟ್ ಸೀಟಿಗೆ ಸೇರಿದ. ಅವನಪ್ಪ ಜಮೀನಿನ ಮೇಲೆ ಸಾಲ ತೆಗೆದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಕಟಾಫ್ ಓದುವಾಗ ನಾವು ಪದೇಪದೇ ನೋಡುವ ತಪ್ಪು ಸುತ್ತಿನದು. ಕೊನೆಯ ಸುತ್ತಿನ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ರ‍್ಯಾಂಕ್ ಸಾಮಾನ್ಯವಾಗಿ ದೂರದವರೆಗೆ ಎಳೆದಿರುತ್ತದೆ, ಏಕೆಂದರೆ ಮೇಲಿನವರು ಬಿಟ್ಟುಹೋದ ಸೀಟು ಕೆಳಗೆ ಇಳಿದಿರುತ್ತದೆ. ಎರಡು ವರ್ಷದ ಮೊದಲ ಸುತ್ತು, ಎರಡು ವರ್ಷದ ಕೊನೆಯ ಸುತ್ತು, ನಾಲ್ಕನ್ನೂ ಪಕ್ಕಪಕ್ಕ ಬರೆದು ಅತಿ ಬಿಗಿಯಾದುದನ್ನು ಹಿಡಿಯಿರಿ.

ಇನ್ನು ಕಟಾಫ್ ಪಟ್ಟಿಯ ಕಾಲಂ. 3ಎ ಗ್ರಾಮೀಣ ಅಭ್ಯರ್ಥಿ ಜಿಎಂ (ಸಾಮಾನ್ಯ), ಜಿಎಂಆರ್ (ಸಾಮಾನ್ಯ ಗ್ರಾಮೀಣ), 3ಎಜಿ (3ಎ), 3ಎಆರ್ (3ಎ ಗ್ರಾಮೀಣ) ನಾಲ್ಕನ್ನೂ ನೋಡಬೇಕು. ಆದರೆ ದಾಖಲೆಗಳ ವೆರಿಫಿಕೇಶನ್‌ನಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ತಾಳೆಯಾಗದೆ 3ಎ ಮೀಸಲಾತಿ ಬಿದ್ದುಹೋಗಿದ್ದರೆ 3ಎಜಿ, 3ಎಆರ್ ಕಾಲಂ ನಿಮಗಿಲ್ಲ. ವೆರಿಫಿಕೇಶನ್ ಸ್ಲಿಪ್ಪಿನಲ್ಲಿ ಏನು ಬಂದಿದೆಯೋ ಅದೇ ಲೆಕ್ಕ, ಮನೆಯಲ್ಲಿರುವ ಸರ್ಟಿಫಿಕೇಟ್ ಅಲ್ಲ. ಪಟ್ಟಿ ಶುರು ಮಾಡುವ ಮುಂಚೆ ಸ್ಲಿಪ್ ತೆಗೆದು ಮೇಜಿನ ಮೇಲಿಡಿ.

ಅರ್ಜಿಗೊಂದು ಶುಲ್ಕ ಕೇಳುವ ಖಾಸಗಿ ವಿಶ್ವವಿದ್ಯಾಲಯಗಳ ಮಾತು ಬೇರೆ. ಅಲ್ಲಿ ಎರಡೋ ಮೂರೋ ಸಾಕು. ಅರ್ಜಿ ಶುಲ್ಕಕ್ಕಿಂತ ಮುಖ್ಯವಾದದ್ದು ಸೀಟು ಹಿಡಿಯಲು ಕಟ್ಟುವ ಮುಂಗಡ. ಸಿಇಟಿ ಸೀಟು ಸಿಕ್ಕರೆ ಅದು ಯಾವ ತಾರೀಖಿನವರೆಗೆ ವಾಪಸ್ ಬರುತ್ತದೆ, ಎಷ್ಟು ಕಡಿತ ಎಂಬುದನ್ನು ಕಟ್ಟುವ ಮುಂಚೆಯೇ ಬರಹದಲ್ಲಿ ಪಡೆಯಿರಿ.

ಈಗ ನಮ್ಮ ಹಾಳೆಯಲ್ಲಿ ಕಾಲೇಜು ಕೋಡ್, ಬ್ರಾಂಚ್, ಫೀ, ನಾಲ್ಕು ಕಟಾಫ್ ಆದಮೇಲೆ ಎರಡು ಕಾಲಂ ಹೊಸದಾಗಿ ಸೇರಿವೆ: ‘ಊರು’ ಮತ್ತು ‘ಸೇರುತ್ತಾನೆಯೇ’. ಎರಡನೆಯದನ್ನು ವಿದ್ಯಾರ್ಥಿಯೇ ತನ್ನ ಕೈಯಿಂದ ತುಂಬಬೇಕು. ಒಬ್ಬರಿಗೆ ನಲವತ್ತು ನಿಮಿಷ ಹಿಡಿಯುತ್ತದೆ, ಸಂಜೆಯ ಲೆಕ್ಕದಲ್ಲಿ ಸಂಖ್ಯೆ ಕಮ್ಮಿಯಾಗುತ್ತದೆ, ಅದಕ್ಕೆ ಬೈಗುಳವೂ ಬರುತ್ತದೆ. ಹಾಳೆ ಮುಗಿದಮೇಲೆ ಟೈಪ್ ಮಾಡಿ, ಸೇವ್ ಮಾಡಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ ಪ್ರಿಂಟ್ ತೆಗೆಯುತ್ತೇವೆ. ಒಂದೇ ತರಹದ ಹೆಸರಿನ ಕಾಲೇಜುಗಳು ಬೇರೆಬೇರೆ ಊರಲ್ಲಿರುವುದರಿಂದ ಪ್ರಿಂಟಿನ ಕೋಡನ್ನು ವಿದ್ಯಾರ್ಥಿ ಗಟ್ಟಿಯಾಗಿ ಓದುತ್ತಾನೆ, ನಾವು ಹಾಳೆಯಲ್ಲಿ ಒಂದೊಂದಾಗಿ ಟಿಕ್ ಹಾಕುತ್ತಾ ಬರುತ್ತೇವೆ.