ಮೈಲುತುತ್ತದ ಎಚ್ಚಿಂಗ್: ಚಪ್ಪರದ ಗೆರೆಗಳು ಕೊನೆಗೂ ನಿಂತವು

ದ್ರಾಕ್ಷಿ ಚಪ್ಪರದ ಎಚ್ಚಿಂಗ್ ಪ್ಲೇಟ್ ಗೆದ್ದಿತು! ಎಚ್ಚಿಂಗ್ ಅಂದರೆ ಲೋಹದ ಪ್ಲೇಟಿಗೆ ಮೇಣದ ಪದರ ಬಳಿದು, ಸೂಜಿಯಿಂದ ಗೀಚಿ, ತೆರೆದ ಗೆರೆಯನ್ನು ದ್ರಾವಣದಲ್ಲಿ ಕಚ್ಚಿಸಿ (ಕೊರೆಸಿ), ಅದರಲ್ಲಿ ಇಂಕ್ ತುಂಬಿ ಕಾಗದಕ್ಕೆ ಅಚ್ಚು ತೆಗೆಯೋದು. ಹೊಸ ಪ್ರೂಫ್‌ನಲ್ಲಿ (ಪರೀಕ್ಷೆಗೆ ತೆಗೆದ ಅಚ್ಚಿನಲ್ಲಿ) ತಂತಿಗಳು ತಂತಿಗಳಾಗೇ ಬಂದಿವೆ. ಒಂದರ ಮೇಲೊಂದು ಹಾದುಹೋಗುವ ಕಡೆಯೂ ನಡುವಿನ ಪುಟ್ಟ ಬಿಳಿ ಚೌಕಗಳು ಉಳಿದುಕೊಂಡಿವೆ. ಈ ಚೌಕಗಳಿಗಾಗಿಯೇ ಕಾಲೇಜು ಬಿಟ್ಟ ಮೇಲಿನ ಹೆಚ್ಚಿನ ಕಾಲ ಹೋಯಿತು. ಮನೆಯಲ್ಲೇ ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುವ ಇನ್ಯಾರಿಗಾದರೂ ಉಪಯೋಗವಾಗಲಿ ಅಂತ ಬರೆದಿಡುತ್ತಿದ್ದೇನೆ.

ಕಾಲೇಜು ಮುಗಿಸಿ ಚಿಕ್ಕಬಳ್ಳಾಪುರಕ್ಕೆ ಬಂದಾಗ ನನ್ನ ಹತ್ತಿರ ನೀಡಲ್‌ಗಳು, ಲೋಹ ಉಜ್ಜಿ ನಯ ಮಾಡುವ ಒಂದು ಬರ್ನಿಷರ್, ಅರ್ಧ ಡಬ್ಬಿ ಕಪ್ಪು ಇಂಕ್ ಇತ್ತು. ಪ್ರೆಸ್ ಇರಲಿಲ್ಲ, ಆಸಿಡ್ ರೂಮ್ ಇರಲಿಲ್ಲ. ಕಾಲೇಜಲ್ಲಿ ಜಿಂಕ್ ಪ್ಲೇಟನ್ನು ನೈಟ್ರಿಕ್ ಆಸಿಡ್‌ಗೆ ಇಳಿಸುತ್ತಿದ್ದೆವು, ಹೊಗೆ ಎಳೆಯೋಕೆ ದೊಡ್ಡ ಫ್ಯಾನ್ ಇತ್ತು. ಇಲ್ಲಿ ಹಿತ್ತಲಲ್ಲಿ ಅಕ್ಕನ ಮಗು ಆಡುತ್ತಿರುತ್ತೆ. ನೈಟ್ರಿಕ್ ಇಡುವ ಮಾತೇ ಇಲ್ಲ.

ಇನ್ನು ಜಿಂಕ್ ಪ್ಲೇಟ್. ಮಾರುವವರು ದುಡ್ಡು ಮೊದಲೇ ಕಟ್ಟಿಸಿಕೊಂಡು, ವಾರಗಟ್ಟಲೆ ಕಾಯಿಸಿ, ಮೂಲೆ ಬಗ್ಗಿದ, ಮೈಮೇಲೆಲ್ಲ ಗೀರು ಬಿದ್ದ ಪ್ಲೇಟ್ ಕಳಿಸಿದರು. ಫೋನ್ ಮಾಡಿದರೆ "ಪಾಲಿಷ್ ಮಾಡ್ಕೊಳ್ಳಿ ಮೇಡಂ, ಹೋಗತ್ತೆ" ಅಂದರು. ಉಗುರಿಗೆ ಸಿಗುವ ಗೀರು ಪಾಲಿಷ್‌ಗೆ ಹೋಗುತ್ತಾ? ಗೋಡೆ ಚಿತ್ರ ಬರೆದು, ಮಕ್ಕಳಿಗೆ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಪಾಠ ಹೇಳಿ ಕೂಡಿಸಿದ ದುಡ್ಡು ಅದು. ಈ ಸಾಮಾನು ಮಾರುವವರಿಗೆ ಕಾಲೇಜಿನ ದೊಡ್ಡ ಆರ್ಡರ್ ಮೇಲೆ ಇರುವ ಕಾಳಜಿ ನಮ್ಮಂಥ ಒಂಟಿ ಗಿರಾಕಿಗಳ ಮೇಲೆ ಇಲ್ಲ.

ಹಾಗಾಗಿ ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಶೀಟ್ ಹಿಡಿದೆ. ಕಚ್ಚಿಸೋಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಉಪ್ಪು. ನಮ್ಮೂರ ಕಡೆ ಮೈಲುತುತ್ತಕ್ಕೆ ಬರವಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಬೂಜು ರೋಗಕ್ಕೆ ಬೋರ್ಡೋ ದ್ರಾವಣ ಮಾಡೋಕೆ ಇದ್ದೇ ಇರುತ್ತೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದು ತೋಟದ ಲೆಕ್ಕ. ಮಾವನ ಹತ್ತಿರ ಕೇಳಿದಾಗ ಡಬ್ಬಕ್ಕೆ ತುಂಬಿಕೊಡುತ್ತಲೇ, "ಏನಮ್ಮಾ, ನಿನ್ನ ಚಿತ್ರಕ್ಕೂ ರೋಗ ಬಂದೈತಾ?" ಅಂದರು. ಬಂದಿತ್ತು ಮಾವ, ಅದರದ್ದೇ ಕಥೆ ಇದು.

ಅಲ್ಯೂಮಿನಿಯಂ ಮೇಲೆ ಯಾವಾಗಲೂ ತೆಳ್ಳನೆಯ ಆಕ್ಸೈಡ್ ಪದರ ಇರುತ್ತೆ. ಬರೀ ಮೈಲುತುತ್ತ ಅದನ್ನು ದಾಟಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರ ಒಡೆಯುತ್ತೆ. ಆಮೇಲೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತೆ, ತಾಮ್ರ ಕೆಂಪು ಕೆಸರಾಗಿ ಹೊರಗೆ ಬೀಳುತ್ತೆ. ಜೊತೆಗೆ ಹೈಡ್ರೋಜನ್ ಗುಳ್ಳೆ ಏಳುತ್ತೆ, ಶಾಖವೂ ಹುಟ್ಟುತ್ತೆ. ಈ ಶಾಖದ ಮಾತನ್ನು ನೆನಪಿಟ್ಟುಕೊಳ್ಳಿ.

ರೋಗದ ಲಕ್ಷಣ ಹೀಗಿತ್ತು. ಹಾರ್ಡ್ ಗ್ರೌಂಡ್, ಅಂದರೆ ಪ್ಲೇಟಿಗೆ ಬಳಿಯುವ ಮೇಣ-ರಾಳದ ಪದರ, ಚೆನ್ನಾಗೇ ಕೂರುತ್ತಿತ್ತು. ನೀಡಲ್ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ದ್ರಾವಣಕ್ಕೆ ಇಳಿಸಿ ಸ್ವಲ್ಪ ಹೊತ್ತಿಗೆ ಗೆರೆಯ ಅಂಚಿನಲ್ಲಿ ಗ್ರೌಂಡ್ ಮೇಲೇಳುತ್ತಿತ್ತು. ಕೂದಲಿನಷ್ಟು ಸಣ್ಣ ಗೆರೆ ಹರಿದು, ಪಕ್ಕದ ಗೆರೆಗೆ ಸೇರಿಕೊಂಡು, ಕೊನೆಗೆ ಅಲ್ಲೊಂದು ಗುಳಿ. ಪ್ರಿಂಟ್ ತೆಗೆದರೆ ಅಂಚಿಗೆ ಮಾತ್ರ ಇಂಕ್ ನಿಂತು ನಡುವೆ ಮಂಕು ಬೂದು ಬಣ್ಣ. ಬಳ್ಳಿ ಕತ್ತರಿಸಿದ ಮೇಲೆ ಬೋಳಾಗಿ ನಿಲ್ಲುವ ಚಪ್ಪರ ನನ್ನ ಚಿತ್ರ. ಕಲ್ಲು ಕಂಬ, ತಂತಿಯ ಬಲೆ, ಅದರ ಮೇಲೆ ಸುತ್ತಿಕೊಂಡ ಒಣ ಬಳ್ಳಿ. ಗೆರೆ ಹೋದರೆ ಚಿತ್ರವೇ ಇಲ್ಲ.

ಮೊದಲ ಅನುಮಾನ ಜಿಡ್ಡಿನ ಮೇಲೆ. ಸೀಮೆಸುಣ್ಣದ ಪುಡಿ ಮತ್ತು ವಿನೆಗರ್ ಹಾಕಿ ಉಜ್ಜಿದೆ. ನೀರು ಹನಿ ಹನಿಯಾಗಿ ಒಡೆಯದೆ ಪ್ಲೇಟ್ ತುಂಬ ಹರಡಿ ನಿಲ್ಲುವವರೆಗೂ ಬಿಡಲಿಲ್ಲ. ರೋಗ ಹೋಗಲಿಲ್ಲ. ಆಮೇಲೆ ಗ್ರೌಂಡ್ ಮೇಲೆ ಅನುಮಾನ. ಜೇನುಮೇಣ ಕಡಿಮೆ ಮಾಡಿ ರಾಳ ಜಾಸ್ತಿ ಮಾಡಿದೆ. ಗ್ರೌಂಡ್ ಪೆಡಸಾಗಿ ನೀಡಲ್ ತಾಗಿದ ಕಡೆ ಚೂರು ಚೂರಾಗಿ ಎದ್ದಿತು, ಇನ್ನೂ ಕೆಟ್ಟದ್ದು. ಬೋರ್‌ವೆಲ್ ನೀರಿನ ಮೇಲೂ ಅನುಮಾನ ಬಂತು. ನಮ್ಮ ಗಡಸು ನೀರಿಗೆ ಮೈಲುತುತ್ತ ಹಾಕಿದರೆ ತಿಳಿನೀಲಿ ಮೋಡ ಏಳುತ್ತೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕಲಸಿದೆ. ದ್ರಾವಣ ತಿಳಿಯಾಯಿತು, ಉಪ್ಪು ಬಿದ್ದ ಕೂಡಲೇ ಚೆಂದದ ಹಸಿರಿಗೆ ತಿರುಗಿತು. ಗೆರೆ ಮಾತ್ರ ಹಾಗೇ ಹರಿಯಿತು.

ಸುಳಿವು ಸಿಕ್ಕಿದ್ದು ಕೆಟ್ಟ ಪ್ಲೇಟುಗಳನ್ನೆಲ್ಲ ಕಿಟಕಿ ಹತ್ತಿರ ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡಿದಾಗ. ಒಂಟಿ ಗೆರೆಗಳು ಎಲ್ಲ ಪ್ಲೇಟಲ್ಲೂ ಚೆನ್ನಾಗಿದ್ದವು. ಕಂಬದ ಅಂಚು, ದೂರದ ಬೆಟ್ಟದ ಗೆರೆ, ಎಲ್ಲ ಚೊಕ್ಕ. ಹರಿದಿದ್ದು ದಟ್ಟವಾಗಿ ಗೀಚಿದ ಜಾಗ ಮಾತ್ರ, ಪ್ರತಿ ಸಲವೂ ಅದೇ. ಜಿಡ್ಡಾಗಿದ್ದರೆ ಎಲ್ಲಿ ಬೇಕಾದರೂ ಏಳಬೇಕಿತ್ತು ಅಲ್ವಾ? ದಟ್ಟ ಗೆರೆ ಇರುವ ಕಡೆ ಬೇರೆ ಏನಾಗುತ್ತೆ? ಅಲ್ಲಿ ಜಾಸ್ತಿ ಲೋಹ ತೆರೆದಿರುತ್ತೆ. ಜಾಸ್ತಿ ಲೋಹ ಅಂದರೆ ಜಾಸ್ತಿ ಗುಳ್ಳೆ, ಜಾಸ್ತಿ ಶಾಖ. ಶಾಖಕ್ಕೆ ಮೇಣ ಮೆತ್ತಗಾಗುತ್ತೆ, ಮೆತ್ತಗಾದ ಮೇಣವನ್ನು ಗುಳ್ಳೆ ಕೆಳಗಿಂದ ಎತ್ತುತ್ತೆ. ಗ್ಲೌಸ್ ಹಾಕಿದ ಕೈಯಲ್ಲಿ ಟ್ರೇ ಅಡಿ ಮುಟ್ಟಿದರೆ ಬೆಚ್ಚಗಿರೋದು ತಿಳಿಯುತ್ತಿತ್ತು. ಅದೂ ಬೇಸಿಗೆ, ಹಿತ್ತಲ ನೀರೇ ಮಧ್ಯಾಹ್ನಕ್ಕೆ ಉಗುರುಬೆಚ್ಚಗೆ.

ಚೂರು ಶೀಟ್ ಮೇಲೆ ಒಂದು ಕಡೆ ಒಂಟಿ ಗೆರೆ, ಇನ್ನೊಂದು ಕಡೆ ದಟ್ಟ ಬಲೆ ಗೀಚಿ ಪರೀಕ್ಷೆ ಮಾಡಿದೆ. ಲೀಟರ್‌ಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಉಪ್ಪು ಹಾಕುತ್ತಿದ್ದದ್ದನ್ನು ಐವತ್ತೈವತ್ತಕ್ಕೆ ಇಳಿಸಿದೆ. ಟ್ರೇಯನ್ನು ಮಡಕೆ ನೀರು ತುಂಬಿದ ದೊಡ್ಡ ಟಬ್ ಒಳಗೆ ಕೂರಿಸಿದೆ. ಬೆಳಗಿನ ತಂಪಲ್ಲೇ ಶುರು ಮಾಡಿದೆ. ಪ್ಲೇಟನ್ನು ಓರೆಯಾಗಿ ನಿಲ್ಲಿಸಿದರೆ ಕೆಸರು ಗೆರೆಯಲ್ಲಿ ನಿಲ್ಲದೆ ಕೆಳಗೆ ಜಾರುತ್ತೆ. ಆಗಾಗ ಕೋಳಿ ಗರಿಯಿಂದ ಸವರಿ ಗುಳ್ಳೆ ಬಿಡಿಸಿ, ಪ್ಲೇಟ್ ತಿರುಗಿಸಿ ಇಟ್ಟೆ. ಬಲೆ ಅಲ್ಲಾಡಲಿಲ್ಲ.

ದೊಡ್ಡ ಪ್ಲೇಟಿಗೆ ಇನ್ನೊಂದು ಬದಲಾವಣೆ. ಮೊದಲು ಕಂಬ, ಬೆಟ್ಟ, ದಪ್ಪ ಬಳ್ಳಿಯ ಗೆರೆಗಳನ್ನಷ್ಟೇ ಗೀಚಿ ಆಳಕ್ಕೆ ಕಚ್ಚಿಸಿದೆ. ಆಮೇಲೆ ಅದೇ ಗ್ರೌಂಡ್ ಮೇಲೆ ತಂತಿಯ ಬಲೆ ಗೀಚಿ, ತಣ್ಣಗಿನ ತೆಳು ದ್ರಾವಣದಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ ತೆಗೆದೆ. ದಪ್ಪ ಗೆರೆ ಇನ್ನಷ್ಟು ಕಪ್ಪಾಯಿತು, ತಂತಿ ತಂತಿಯಾಗೇ ಉಳಿಯಿತು.

ಎರಡು ಎಚ್ಚರಿಕೆ ಹೇಳಲೇಬೇಕು. ಏಳುವುದು ಹೈಡ್ರೋಜನ್, ಆದ್ದರಿಂದ ಹಿತ್ತಲ ನೀರೊಲೆ ಉರಿಯುವಾಗ ನಾನು ಟ್ರೇ ತೆರೆಯಲ್ಲ. ಇನ್ನೊಂದು, ಸೋತ ದ್ರಾವಣವನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ. ತಾಮ್ರ ಮೀನಿಗೆ ವಿಷ, ನಮ್ಮ ಚರಂಡಿಗಳೆಲ್ಲ ಕೆರೆಗೇ ಹೋಗೋದು. ಅಲ್ಯೂಮಿನಿಯಂ ಚೂರು ಹಾಕಿಟ್ಟರೆ ಉಳಿದ ತಾಮ್ರ ಹೊರಗೆ ಬಂದು ಬಣ್ಣ ಹೋಗುತ್ತೆ. ಆಮೇಲೆ ವಾಷಿಂಗ್ ಸೋಡಾ ಹಾಕಿ, ತಳಕ್ಕೆ ಕೂತ ಕೆಸರನ್ನು ಸೋಸಿ ಒಣಗಿಸಿ ಡಬ್ಬದಲ್ಲಿ ಎತ್ತಿಡುತ್ತೇನೆ.

ಪ್ರಿಂಟ್‌ಗೆ ಈಗಲೂ ಬೆಂಗಳೂರಿಗೇ ಹೋಗಬೇಕು. ದಿನದ ಬಾಡಿಗೆ ಕೊಟ್ಟು ಪ್ರೆಸ್ ಹಿಡಿಯೋದು, ಸಂಜೆ ರೈಲಿಗೆ ಒದ್ದೆ ಪ್ರಿಂಟ್‌ಗಳನ್ನು ರಟ್ಟಿನ ನಡುವೆ ಇಟ್ಟು ತರೋದು. ಇದಕ್ಕೂ ಒಂದು ದಾರಿ ಹುಡುಕುತ್ತಿದ್ದೇನೆ. ಸಾವಿರ ಅಡಿ ಬೋರ್‌ವೆಲ್ ಕೊರೆಯುವ ಊರಲ್ಲಿ ಕೇಸಿಂಗ್ ಪೈಪ್ ತುಂಡುಗಳಿಗೆ ಕೊರತೆಯಿಲ್ಲ. ದಪ್ಪ ಗೋಡೆಯ ತುಂಡಿಗೆ ಎರಡೂ ಕಡೆ ಮುಚ್ಚಳ ವೆಲ್ಡ್ ಮಾಡಿಸಿ, ನಡುವೆ ಶಾಫ್ಟ್ ಹಾಯಿಸಿ, ಲೇಥ್‌ನಲ್ಲಿ ಮೈ ಸಮ ಮಾಡಿಸಿದರೆ ಪ್ರೆಸ್ ರೋಲರ್ ಆಗುತ್ತಲ್ಲ! ಲೇಥ್ ಅಣ್ಣ ಪೈಪ್ ತಟ್ಟಿ ನೋಡಿ, "ಬಗ್ಗಲ್ಲ, ತಗೊಂಡ್ ಬಾ" ಅಂದಿದ್ದಾರೆ.

ಪ್ರೆಸ್ ಆದರೆ ಮುಂದಿನದು ವಿಸ್ಕಾಸಿಟಿ ಪ್ರಿಂಟ್. ಆಳವಾಗಿ ಕಚ್ಚಿಸಿದ ಒಂದೇ ಪ್ಲೇಟ್, ಎಣ್ಣೆ ಹೆಚ್ಚು ಕಡಿಮೆ ಮಾಡಿದ ಇಂಕ್‌ಗಳು, ಇಂಕ್ ಹಚ್ಚುವ ಗಟ್ಟಿ ರೋಲರ್ ಮೇಲ್ಭಾಗಕ್ಕೆ, ಮೆತ್ತನೆಯದು ತಗ್ಗಿಗೆ, ಎಲ್ಲ ಬಣ್ಣ ಒಂದೇ ಸಲಕ್ಕೆ. ಪ್ಯಾರಿಸ್ಸಿನ ಅಟೆಲಿಯೆ 17 ಎಂಬ ಪ್ರಿಂಟ್ ಸ್ಟುಡಿಯೋದಲ್ಲಿ ಈ ವಿಧಾನ ಬೆಳೆಸಿದವರಲ್ಲಿ ಮುಖ್ಯರಾದ ಕೃಷ್ಣಾ ರೆಡ್ಡಿ ಚಿತ್ತೂರು ಜಿಲ್ಲೆಯ ನಂದನೂರಿನವರು, 1925ರಲ್ಲಿ ಹುಟ್ಟಿದವರು. ನಮ್ಮ ಪಕ್ಕದ ಸೀಮೆಯವರು ಅಂತ ನನಗೆ ತುಂಬಾ ಹೆಮ್ಮೆ. ಹಸಿರು ಚಪ್ಪರದ ಕೆಳಗೆ ನೇರಳೆ ಗೊಂಚಲು, ಇದೇ ವಿಧಾನದಲ್ಲಿ, ಇದೇ ಅಲ್ಯೂಮಿನಿಯಂ ಮೇಲೆ ಮಾಡಬೇಕು. ಗಟ್ಟಿ ರೋಲರ್ ಇದೆ. ಮೆತ್ತನೆ ರಬ್ಬರ್ ರೋಲರ್ ಯಾರಾದರೂ ಒಂದೇ ಒಂದು ಪೀಸ್ ಆದರೂ ಸರಿಯಾಗಿ ಮಾಡಿಕೊಡುತ್ತಾರೆ ಅಂತ ಗೊತ್ತಿದ್ದರೆ ಹೇಳಿ. ದುಡ್ಡು ಮಾತ್ರ ಸಾಮಾನು ನೋಡಿದ ಮೇಲೆ ಕೊಡುತ್ತೇನೆ.