ಕೊನೆಯ ಗಾಡಿ

ಪುಣೆಯ ನಮ್ಮ ಕನ್ನಡಿಗರ ಬೈಕ್ ಗುಂಪಿನಲ್ಲಿ ಹೆಸರಿಗಿಂತ ಊರೇ ಜಾಸ್ತಿ ಚಲಾವಣೆಯಲ್ಲಿದೆ. ಒಬ್ಬ ಮಂಡ್ಯ, ಇನ್ನೊಬ್ಬ ಧಾರವಾಡ, ನಾನು ಹಾಸನ. ಸಂಕೇಶ್ವರದವರನ್ನು ಮಾತ್ರ ಯಾರೂ ಊರು ಹಿಡಿದು ಕರೆಯುವುದಿಲ್ಲ. ಅವರು ಕಾಕಾ. ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ 30 ವರ್ಷ ಲೇತ್ ಮುಂದೆ ನಿಂತವರು. ನಾವು ಮೂವರು ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರು. ಅವರ ಹಳೇ ಪಲ್ಸರ್‌ನ ಸೀಟನ್ನು ಎರಡು ಸಲ ಹೊಲಿಸಿದ್ದಾರೆ. ನಮ್ಮ ಗಾಡಿಗಳ ಕಂತೇ ಇನ್ನೂ ಮುಗಿದಿಲ್ಲ.

ಗೋವಾಕ್ಕೆ ಹೊರಟಿದ್ದು ಸೆಪ್ಟೆಂಬರ್ ಕೊನೆಯ ವಾರ. ಪುಣೆಯಿಂದ ಪಣಜಿ ಸುಮಾರು 450 ಕಿಲೋಮೀಟರ್. ನಾನು ಅಲ್ಲಿಯವರೆಗೆ ಬೈಕಿನಲ್ಲಿ ಲೋಣಾವಳ ದಾಟಿದವಳಲ್ಲ. ಕಾಕಾ ಒಂದು ವಾರ ಮೊದಲೇ ಎಲ್ಲರಿಗೂ ಪಟ್ಟಿ ಕೊಟ್ಟಿದ್ದರು. ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್, ಟ್ಯೂಬು, ಸ್ಪ್ಯಾನರ್, ಚೈನಿಗೆ ಹಾಕುವ ಎಣ್ಣೆ, ಇನ್ಸುಲೇಶನ್ ಟೇಪು. ಎಲ್ಲವನ್ನೂ ಕೊಂಡೆ. ಹೊರಡುವ ಹಿಂದಿನ ರಾತ್ರಿ ಬ್ಯಾಗಿನ ಜಿಪ್ ಹಾಕಲಾಗಲಿಲ್ಲ. ಕೇಬಲ್ ತೆಗೆದು ಟ್ರೈಪಾಡ್ ಇಟ್ಟೆ. ಫೋಟೊ ಮುಖ್ಯ ಅಲ್ವಾ?

ಬೆಳಗಿನ ನಾಲ್ಕೂವರೆಗೆ ವಾರ್ಜೆಯ ಹತ್ತಿರ ಸೇರಿದೆವು. ಕಾಕಾ ಪ್ರತಿ ಗಾಡಿಯ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಚೈನನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದರು. ಆಮೇಲೆ ಎರಡೇ ನಿಯಮ ಹೇಳಿದರು. ಒಂದು, ಒಬ್ಬರ ಹಿಂದೆ ನೇರವಾಗಿ ಯಾರೂ ಹೋಗಬಾರದು. ಮುಂದಿನವರು ಲೇನಿನ ಬಲಕ್ಕಿದ್ದರೆ ಹಿಂದಿನವರು ಎಡಕ್ಕೆ. ಆಗ ಅವರು ಗಕ್ಕನೆ ಬ್ರೇಕ್ ಹಾಕಿದರೂ ಹೋಗಿ ಗುದ್ದುವುದಿಲ್ಲ, ರಸ್ತೆಯ ಗುಂಡಿಯೂ ಮೊದಲೇ ಕಾಣುತ್ತದೆ. ಎರಡು, ಎಲ್ಲೇ ತಿರುಗಿದರೂ ಹಿಂದಿನವರ ಲೈಟ್ ಕಾಣುವ ತನಕ ಅಲ್ಲೇ ನಿಲ್ಲಬೇಕು. ಅಷ್ಟು ಮಾಡಿದರೆ ಫೋನ್ ಬೇಕಿಲ್ಲ, ಮ್ಯಾಪ್ ಬೇಕಿಲ್ಲ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಮುಂದೆ ಮಂಡ್ಯ, ಆಮೇಲೆ ನಾನು, ನನ್ನ ಹಿಂದೆ ಧಾರವಾಡ, ಕೊನೆಗೆ ಕಾಕಾ. ಕೊನೆಯ ಜಾಗ ಯಾವಾಗಲೂ ಅವರದೇ. ಹೊಸಬರನ್ನು ಕೊನೆಗೆ ಹಾಕಿದರೆ ಮುಂದಿನವರನ್ನು ಹಿಡಿಯಲು ಹೋಗಿ ಬೀಳುತ್ತಾರಂತೆ. ಅದಕ್ಕೇ ನನ್ನನ್ನು ಎರಡನೆಯವಳಾಗಿ ಇಟ್ಟಿದ್ದರು. ಗುಂಪಿನ ವೇಗ ನನ್ನ ವೇಗ. ಅದು ನನಗೆ ಮೊದಲೇ ಗೊತ್ತಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ.

ಖಂಬಾಟ್ಕಿ ಘಾಟ್ ಹತ್ತುವಾಗ ಬೆಳಕಾಯಿತು. ಸಾತಾರಾದಲ್ಲಿ ಚಹಾ. ಕರಾಡ್ ದಾಟುವ ಹೊತ್ತಿಗೆ ನನ್ನ ಕ್ಲಚ್ ಸ್ವಲ್ಪ ಭಾರ ಅನ್ನಿಸತೊಡಗಿತು. ಲಿವರ್ ಎಳೆದರೆ ಒಳಗೆ ಏನೋ ಕರಕರ ಅನ್ನುತ್ತಿತ್ತು. ಎರಡು ವಾರದ ಹಿಂದೆಯಷ್ಟೇ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ. ಕೇಬಲ್ ಚೆನ್ನಾಗಿದೆ ಅಂದಿದ್ದರು. ಹೇಳಿದರೆ ಎಲ್ಲರೂ ನಿಲ್ಲಬೇಕು. ಈಗಾಗಲೇ ನನ್ನಿಂದ ನಿಧಾನ ಆಗುತ್ತಿದೆ. ಸುಮ್ನೆ ಇದ್ದೆ.

ಕೊಲ್ಹಾಪುರದಲ್ಲಿ ಮಿಸಳ್ ತಿಂದೆವು. ಕಣ್ಣಲ್ಲಿ ನೀರು ಬಂದಿದ್ದು ಖಾರಕ್ಕೆ ಅಂತ ಎಲ್ಲರೂ ನಂಬಿದರು. ಕ್ಲಚ್ ಒತ್ತಿ ಒತ್ತಿ ಎಡಗೈ ಸೋತಿತ್ತು. ಕಾಗಲ್ ದಾಟಿದ ಮೇಲೆ ಅಂಗಡಿಗಳ ಬೋರ್ಡುಗಳಲ್ಲಿ ಕನ್ನಡ ಶುರುವಾಯಿತು. ಮಂಡ್ಯ ಹೆಲ್ಮೆಟ್ಟಿನೊಳಗೇ ಕೂಗಿದ್ದು ಹಿಂದಿದ್ದ ನನಗೂ ಕೇಳಿಸಿತು. ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು ಆಜರಾ ಕಡೆ ತಿರುಗಿದೆವು. ಅಲ್ಲಿಂದ ಮುಂದೆ ರಸ್ತೆ ಸಣ್ಣದು, ಎರಡೂ ಕಡೆ ಕಬ್ಬು, ಆಮೇಲೆ ಭತ್ತ. ಆಜರಾದ ಘನಸಾಳ್ ಅಕ್ಕಿ ಹೆಸರುವಾಸಿ. ಕಾಕಾ ಬರುವಾಗ ಎರಡು ಕಿಲೋ ಕೊಳ್ಳಬೇಕು ಅಂದರು.

ಆಂಬೋಲಿ ಬಂದಾಗ ಮಧ್ಯಾಹ್ನ ಮೂರು, ಆದರೆ ಸಂಜೆ ಏಳರ ಹಾಗಿತ್ತು. ಮಂಜು. ಕಾಕಾ ಗಾಡಿ ನಿಲ್ಲಿಸಿ ಕಾಡಿನ ಕಡೆ ಕೈ ತೋರಿಸಿದರು. "ನಮ್ಮ ಊರ ಹೊಳಿ ಇಲ್ಲೇ ಹುಟ್ಟತೈತಿ ನೋಡ್ರಿ." ಹಿರಣ್ಯಕೇಶಿ ಆಂಬೋಲಿಯಲ್ಲಿ ಹುಟ್ಟಿ, ಆಜರಾ ಹಾದು, ಸಂಕೇಶ್ವರಕ್ಕೆ ಹೋಗಿ, ಮುಂದೆ ಘಟಪ್ರಭೆಗೆ ಸೇರುತ್ತದೆ. ಚಿಕ್ಕವರಿದ್ದಾಗ ಈಜಿದ ನೀರಿನ ತವರು ನೋಡುತ್ತಾ ಅವರು ಐದು ನಿಮಿಷ ಸುಮ್ಮನೆ ನಿಂತರು. ನಾನು ಟ್ರೈಪಾಡ್ ತೆಗೆದೆ. ಮಂಜಿನಲ್ಲಿ ಏನೂ ಬೀಳಲಿಲ್ಲ.

ಇಳಿಯುವ ಮೊದಲು ಕಾಕಾ ನನ್ನ ಹತ್ತಿರ ಬಂದು ಹೇಳಿದರು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ನ್ಯೂಟ್ರಲ್ ಮಾಡಬಾರದು. ಬ್ರೇಕನ್ನು ಒತ್ತಿ ಹಿಡಿದೇ ಇದ್ದರೆ ಕಾಯ್ದು, ಬೇಕಾದಾಗ ಹಿಡಿಯುವುದಿಲ್ಲ. ಇಂಜಿನ್ನೇ ಹಿಡಿಯಲಿ. ಹೆಲ್ಮೆಟ್ಟಿನ ಗಾಜು ಮಸುಕಾದರೆ ಅದನ್ನು ಒಂದು ಬೆರಳಿನಷ್ಟು ಮೇಲೆತ್ತಿಟ್ಟುಕೋ.

ಜಲಪಾತ ದಾಟಿ ನಾಲ್ಕನೆಯ ತಿರುವೋ ಐದನೆಯದೋ. ಗೇರ್ ಇಳಿಸಲು ಕ್ಲಚ್ ಎಳೆದೆ. ಟಪ್ ಅಂತು. ಲಿವರ್ ಬೆರಳಿಗೆ ಸಡಿಲವಾಗಿ ಬಂತು, ಹರಿದ ಚಪ್ಪಲಿಯ ಉಂಗುಟದ ಹಾಗೆ. ಏನು ಮಾಡಬೇಕೋ ತಿಳಿಯದೆ ಬ್ರೇಕ್ ಹಾಕಿದೆ. ಗಾಡಿ ಎರಡು ಸಲ ಜಿಗಿದು ತಿರುವಿನ ಮಧ್ಯದಲ್ಲೇ ಬಂದ್ ಆಯಿತು.

ಆಮೇಲೆ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಧಾರವಾಡ ತನ್ನ ಗಾಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ತಿರುವಿನ ಮೇಲಕ್ಕೆ ಓಡಿದ. ಮೇಲಿಂದ ಬರುವ ಬಸ್ಸಿಗೆ ನಾವು ಕಾಣುವಂತಿರಲಿಲ್ಲ. ಕಾಕಾ ನನ್ನನ್ನು ಇಳಿಸಿ ತಾವು ಹತ್ತಿದರು. ಇಳಿಜಾರಿನಲ್ಲಿ ಗಾಡಿ ಉರುಳಲು ಬಿಟ್ಟು, ಕಾಲಲ್ಲಿ ಎರಡನೇ ಗೇರ್ ತಟ್ಟಿದರು. ಇಂಜಿನ್ ಎದ್ದಿತು. ಕ್ಲಚ್ಚೇ ಇಲ್ಲದೆ ಇನ್ನೂರು ಮೀಟರ್ ಹೋಗಿ, ಅಗಲವಾದ ಜಾಗ ಸಿಕ್ಕ ಮೇಲೆ ಸ್ವಿಚ್ ಆಫ್ ಮಾಡಿ ನಿಲ್ಲಿಸಿದರು.

"ಕೇಬಲ್ ತೆಗಿ ತಂಗಿ."

ಟ್ರೈಪಾಡ್ ವಿಷಯ ಹೇಳಿದೆ. ಕಾಕಾ ಬೈಯಲಿಲ್ಲ. ಪಲ್ಸರ್ ಕೇಬಲ್ ನನ್ನ ಗಾಡಿಗೆ ಬರುವುದಿಲ್ಲ. ಅಷ್ಟರಲ್ಲಿ ಮಂಡ್ಯ ತನ್ನ ಗಾಡಿಯ ಮೇಲೆ ಬಗ್ಗಿ ಚಾಕುವಿನಿಂದ ಟೇಪು ಕೊಯ್ಯುತ್ತಿದ್ದ. ಅವನದೂ ನನ್ನದೂ ಒಂದೇ ಮಾಡೆಲ್. ಅವನು ಕಾಕಾ ಹೇಳಿದಂತೆ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಹ್ಯಾಂಡಲಿನಿಂದ ಇಂಜಿನ್‌ವರೆಗೆ ಎಳೆದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದ. ಹಳೆಯದು ಹರಿದರೆ ತುದಿಗಳನ್ನು ಸಿಕ್ಕಿಸಿದರೆ ಸಾಕು, ಟ್ಯಾಂಕ್ ಬಿಚ್ಚಬೇಕಿಲ್ಲ.

"ನಿನಗೆ ಬೇಕಾದರೆ?" ಅಂದೆ.

"ಸುಮ್ನಿರಕ್ಕ. ನಂದು ಹರಿದಾಗ ನೋಡ್ಕೊಳವ."

ಹರಿದ ಕೇಬಲ್ ಹೊರಗೆ ಬಂತು. ಲಿವರ್ ಕಡೆಯ ಲೋಹದ ಗುಂಡಿನ ಬುಡದಲ್ಲಿ ಎಳೆಗಳು ಪೊರಕೆಯ ಹಾಗೆ ಬಿಚ್ಚಿಕೊಂಡಿದ್ದವು. ಕಾಕಾ ಎಳೆಗಳನ್ನು ಉಗುರಿನಿಂದ ಬಿಡಿಸಿ ತೋರಿಸಿದರು. ಕೆಲವದರ ತುದಿ ಕಪ್ಪಾಗಿತ್ತು, ಕೆಲವು ಮಾತ್ರ ಹೊಳೆಯುತ್ತಿದ್ದವು. ಕಪ್ಪಗಿರುವುದು ಯಾವಾಗಲೋ ಹರಿದದ್ದು, ಹೊಳೆಯುವುದು ಇವತ್ತಿನದು. "ಗಾಡಿ ಮುಂಜಾನಿಂದ ಹೇಳಾಕತ್ತೈತಿ. ನೀ ಯಾಕ ಹೇಳಲಿಲ್ಲ?"

"ಎಲ್ಲರಿಗೂ ತಡ ಆಗುತ್ತೆ ಅಂತ..."

"ಕರಾಡದಾಗ ಹೇಳಿದ್ರ ಹತ್ತು ನಿಮಿಷ, ಅಂಗಡಿ ಮುಂದ, ಚಾ ಕುಡಕೋತ. ಈಗ ನೋಡು."

ಮಳೆ ಹನಿಯಲು ಶುರುವಾಗಿತ್ತು. ಹೊಸ ಕೇಬಲಿನ ಬಾಯಿಗೆ ಪ್ಲಾಸ್ಟಿಕ್ ಚೀಲದ ಮೂಲೆ ಕಟ್ಟಿ, ಅದರೊಳಗೆ ನಾಲ್ಕು ಹನಿ ಇಂಜಿನ್ ಆಯಿಲ್ ಬಿಟ್ಟು, ಇನ್ನೊಂದು ತುದಿಯಿಂದ ಎಣ್ಣೆ ಇಣುಕುವ ತನಕ ಕಾದರು. ಅವಸರದಲ್ಲಿ ನಾನಾಗಿದ್ದರೆ ಇದನ್ನು ಬಿಡುತ್ತಿದ್ದೆ. ಲಿವರಿನ ಹತ್ತಿರ ಎರಡು ಮೂರು ಮಿಲಿಮೀಟರ್ ಸಡಿಲ ಬಿಟ್ಟು ನಟ್ಟು ಬಿಗಿದರು. ಸಡಿಲ ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಜಾರಿ ಸುಟ್ಟುಹೋಗುತ್ತದೆ. ಅರ್ಧ ಗಂಟೆ ಹಿಡಿಯಿತು. ಧಾರವಾಡ ಅಷ್ಟೂ ಹೊತ್ತು ಮೇಲೆ ತಿರುವಿನಲ್ಲಿ ನೆನೆಯುತ್ತಾ ಟಾರ್ಚ್ ಆಡಿಸುತ್ತಿದ್ದ. ಅವನಿಗೆ ಕೆಳಗೆ ಏನು ನಡೆಯುತ್ತಿದೆ ಅಂತಲೂ ಗೊತ್ತಿರಲಿಲ್ಲ.

ಸಾವಂತವಾಡಿ ದಾಟಿ ಬಾಂದಾದ ಹತ್ತಿರ ತಿರುಗಿ ನಿಂತೆವು. ಕಾಕಾನ ಲೈಟ್ ಕಾಣಲಿಲ್ಲ. ಐದು ನಿಮಿಷ ನೋಡಿ ಹಿಂದಕ್ಕೆ ಹೋದೆವು. ಕೆಂಪು ಕೆಸರಿನಲ್ಲಿ ಜಾರಿ ಬಿದ್ದ ಒಬ್ಬ ಹುಡುಗನ ಪಕ್ಕ ಕಾಕಾ ಕೂತಿದ್ದರು. ಸೇರಿದ ಜನರಲ್ಲಿ ಒಬ್ಬ ಅವನ ಹೆಲ್ಮೆಟ್ ಎಳೆಯಲು ಬಂದಾಗ ಕಾಕಾ ಕೈ ಹಿಡಿದು ತಡೆದರು. ಉಸಿರಾಟ ಸರಿ ಇದ್ದರೆ ಹೆಲ್ಮೆಟ್ ಮುಟ್ಟಬಾರದು, ಕುತ್ತಿಗೆಗೆ ಪೆಟ್ಟಾಗಿದ್ದರೆ ಎಳೆತದಲ್ಲೇ ಕೆಡುತ್ತದೆ. 108ಕ್ಕೆ ಆಗಲೇ ಫೋನ್ ಮಾಡಿಯಾಗಿತ್ತು. ಪೊಲೀಸರು ನಮ್ಮನ್ನೇ ಹಿಡಿದರೆ ಅಂತ ನಾನು ಪಿಸುಗುಟ್ಟಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ, ಸಹಾಯಕ್ಕೆ ನಿಂತವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತಲೂ ಇಲ್ಲ ಅಂತ ಧಾರವಾಡ ಹೇಳಿದ. ಆಂಬುಲೆನ್ಸ್ ಬಂತು. ಹುಡುಗ ತಾನೇ ಎದ್ದು ಕೂತಿದ್ದ.

ಪಣಜಿಯ ಹತ್ತಿರ ಮಂಡ್ಯ ಮ್ಯಾಪ್ ನಂಬಿ ಅಟಲ್ ಸೇತುವಿನ ಕಡೆ ಹೊರಟ. ಪಕ್ಕದಲ್ಲಿ ಹಳದಿ ಮಡ್‌ಗಾರ್ಡಿನ ಒಂದು ಬೈಕ್ ಬಂತು. ಗೋವಾದ ಬೈಕ್ ಟ್ಯಾಕ್ಸಿ, ಅಲ್ಲಿ ಇವರನ್ನು ಪೈಲಟ್ ಅನ್ನುತ್ತಾರೆ. ಕೆಎ ನಂಬರ್ ನೋಡಿ ಅವನು ಕೂಗಿದ. "ಅಣ್ಣಾರ, ಅದರ ಮ್ಯಾಲ ಬೈಕ್ ಬಿಡಂಗಿಲ್ಲ. ಹಳೇ ಬ್ರಿಜ್ ಹಿಡೀರಿ!" ಕೂಗಿ ಹೋಗೇ ಬಿಟ್ಟ. ಯಾವ ಊರಿನವನೋ ಕೇಳಲೂ ಆಗಲಿಲ್ಲ. ಹಳೇ ಸೇತುವೆಯ ಮೇಲೆ ಧಾರವಾಡ ನಿಧಾನ ಮಾಡಿ ನೀರಿನ ಕಡೆ ನೋಡಿದ. ಗೋವಾದವರ ಮಾಂಡೋವಿ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ಮಹಾರಾಷ್ಟ್ರದಲ್ಲಿ ಹುಟ್ಟಿದ್ದು ನಮಗೆ, ನಮ್ಮಲ್ಲಿ ಹುಟ್ಟಿದ್ದು ಗೋವಾಕ್ಕೆ.

ಗೋವಾದಲ್ಲಿ ಎರಡು ದಿನ ಇದ್ದೆವು. ಪೆಟ್ರೋಲ್ ಅಗ್ಗ, ಗ್ರೇವಿ ಸುರಿದ ರೋಸ್ ಆಮ್ಲೆಟ್ ರುಚಿ, ಸಮುದ್ರ ಇದ್ದಲ್ಲೇ ಇತ್ತು. ನಾನು ಮೊದಲ ಬೆಳಗ್ಗೆಯೇ ಅಂಗಡಿ ಹುಡುಕಿ ಎರಡು ಕೇಬಲ್ ತಂದೆ. ಒಂದನ್ನು ಮಂಡ್ಯನ ಗಾಡಿಗೆ, ಒಂದನ್ನು ನನ್ನದಕ್ಕೆ ನಾನೇ ಟೇಪು ಸುತ್ತಿ ಕಟ್ಟಿದೆ.

ವಾಪಸ್ ಬರುವಾಗ ಆಜರಾದಲ್ಲಿ ಅಕ್ಕಿ ಕೊಂಡು, ಗಡಹಿಂಗ್ಲಜ್ ಮೇಲೆ ಸಂಕೇಶ್ವರಕ್ಕೆ ಬಂದೆವು. ಕಾಕಾಗೆ ಅಲ್ಲಿ ತಾಯಿಯ ಹತ್ತಿರ ನಾಲ್ಕು ದಿನ ಇರುವ ಆಸೆ. ಆ ಅಜ್ಜಿ ನಮಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಕಾಕಾ ಹೆದ್ದಾರಿಯವರೆಗೆ ಬಂದು, ಪುಣೆ ಮುಟ್ಟಿದ ಕೂಡಲೇ ಫೋನ್ ಮಾಡಿ ಅಂತ ಹೇಳಿ ತಿರುಗಿದರು.

ನಾವು ಮೂವರೂ ಇಂಜಿನ್ ಶುರು ಮಾಡಿದೆವು. ಮಂಡ್ಯ ನನ್ನ ಕಡೆ ನೋಡಿ ಹೋಗಿ ಅಂತ ಕೈ ಮಾಡಿದ. ನಾನು ಧಾರವಾಡನ ಕಡೆ ಕೈ ಮಾಡಿದೆ. ಅವನು ಹೆಲ್ಮೆಟ್ ಬಿಚ್ಚಿ ಮತ್ತೆ ಹಾಕಿಕೊಳ್ಳುವ ನೆಪ ತೆಗೆದ. ಗಾಡಿಗಳು ಹಾಗೇ ಗುಡುಗುಡು ಅನ್ನುತ್ತಾ ನಿಂತಿದ್ದವು. ಪಕ್ಕದ ಚಹಾ ಅಂಗಡಿಯವನು ಹೊರಗೆ ಬಂದು ಕೇಳಿದ. "ಏನ್ರಿ, ಗಾಡಿ ಕೆಟ್ಟೈತೇನು?"